ಬಲ್ಬು ಸುಮ್ಮಸುಮ್ಮನೆ ಹೋಗುವುದಿಲ್ಲ

ಹೈದರಾಬಾದಿನಲ್ಲಿ ಆರಿಹೋದ ದೀಪ ನೋಡಲು ಎಲೆಕ್ಟ್ರೀಷಿಯನ್ ಬಂದರೆ ಹೇಳುವ ಮಾತು ಒಂದೇ. ತೆಲುಗಿನವರಾದರೆ 'ಬಲ್ಬು ಪೋಯಿಂದಿ ಸಾರ್', ದಖನಿ ಮಾತಾಡುವವರಾದರೆ 'ಬಲ್ಬ್ ಉಡ್ ಗಯಾ ಸಾಬ್'. ನಾವು ಮನೆಯೊಳಗೆ 'ಬಲ್ಬು ಹೋಯ್ತು' ಅನ್ನುತ್ತೇವೆ. ಮೂರು ಭಾಷೆಯಲ್ಲೂ ಬಲ್ಬು ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ ಹಾಗಿದೆ. ಯಾಕೆ ಹೋಯಿತು, ಯಾರು ಕಳಿಸಿದರು ಎಂದು ಯಾರೂ ಕೇಳುವುದಿಲ್ಲ. ಹೊಸ ಬಲ್ಬು ಬರುತ್ತದೆ, ಬಿಲ್ಲೂ ಬರುತ್ತದೆ. ಎರಡು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕತ್ತಲು.

ಗಚ್ಚಿಬೌಲಿ, ಕೊಂಡಾಪುರ, ಮಣಿಕೊಂಡ, ನಿಜಾಂಪೇಟೆ ಕಡೆಯ ಗೇಟೆಡ್ ಕಮ್ಯುನಿಟಿಗಳಲ್ಲಿ ಇರುವವರಿಗೆ ಈ ದೀಪಗಳ ಪರಿಚಯ ಚೆನ್ನಾಗಿಯೇ ಇದೆ. ವಾಕಿಂಗ್ ದಾರಿಯ ಪಕ್ಕದ ಮೊಣಕಾಲೆತ್ತರದ ಕಂಬಗಳು, ಮೆಟ್ಟಿಲಿನ ಅಂಚಿನ ಪುಟ್ಟ ದೀಪಗಳು, ಹುಲ್ಲಿನಲ್ಲಿ ಹುದುಗಿ ಮರದ ಮೇಲಕ್ಕೆ ಬೆಳಕು ಚೆಲ್ಲುವವು. ಇವುಗಳಲ್ಲಿ ಹಲವು ಮನೆಯೊಳಗಿನ 230 ವೋಲ್ಟಿನಲ್ಲಿ ಉರಿಯುವುದಿಲ್ಲ. ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಕೂತ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು 12ಕ್ಕೋ 24ಕ್ಕೋ ಇಳಿಸಿ ಕಳಿಸುತ್ತದೆ. ಬಿಲ್ಡರ್ ಮನೆ ತೋರಿಸುವ ದಿನ ಅವೆಲ್ಲ ಝಗಝಗಿಸುತ್ತವೆ. ಅಸೋಸಿಯೇಷನ್ ಕೈಗೆ ಬಂದು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ಸಾಲು ಕುರುಡಾಗಿರುತ್ತದೆ.

ಆಗ ಜನರಲ್ ಬಾಡಿ ಮೀಟಿಂಗಿನಲ್ಲಿ ಮೂರು ಸಲಹೆ ಏಳುತ್ತವೆ. ಅದೇ ಬಲ್ಬನ್ನು ಡಜನ್ ಲೆಕ್ಕದಲ್ಲಿ ತಂದಿಡೋಣ. ಇನ್ನೂ ಹೆಚ್ಚು ವ್ಯಾಟಿನದು ಹಾಕೋಣ. ಈ 12 ವೋಲ್ಟಿನ ರಗಳೆಯೇ ಬೇಡ, ನೇರ 230 ಕೊಟ್ಟುಬಿಡೋಣ. ಮೊದಲನೆಯದು ದುಡ್ಡಿಗೆ ದಂಡ, ಎರಡನೆಯದು ಕಾಯಿಲೆಯನ್ನು ಬೆಳೆಸುವ ಔಷಧಿ, ಮೂರನೆಯದು ಅಪಾಯವನ್ನು ಮನೆಯಂಗಳಕ್ಕೆ ಕರೆತರುವ ಕೆಲಸ. ನಾನಿಲ್ಲಿ ಹೇಳಹೊರಟದ್ದು ನಾಲ್ಕನೆಯ ದಾರಿ. ಬಲ್ಬು ಸುಟ್ಟದ್ದು ರೋಗವಲ್ಲ, ರೋಗದ ಲಕ್ಷಣ. ಕಾರಣ ಹುಡುಕಿ ಬಲ್ಬು ಹಾಕಿದರೆ ಅದು ತನ್ನ ಆಯುಷ್ಯ ಪೂರ್ತಿ ಬಾಳುತ್ತದೆ.

ಇದು ಅಂದಚೆಂದದ ವಿಷಯವಷ್ಟೇ ಅಲ್ಲ. ಊರಿಂದ ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮ ಇಲ್ಲಿ ನಡೆದಾಡುವುದು ಸಂಜೆ ಹೊತ್ತಿನಲ್ಲೇ. ಬಿಸಿಲು ಇಳಿಯದೆ ಹೊರಗೆ ಕಾಲಿಡುವ ಹಾಗಿಲ್ಲ. ಮೆಟ್ಟಿಲಿನ ಅಂಚಿನ ದೀಪ ಒಂದು ಆರಿದ್ದರೂ ಅವರ ಪಾಲಿಗೆ ಆ ಒಂದು ಮೆಟ್ಟಿಲು ಇಲ್ಲವೆಂದೇ ಲೆಕ್ಕ. ಎಪ್ಪತ್ತರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹನ್ನೆರಡು ವೋಲ್ಟ್ ಯಾಕೆ?

ತೋಟದಲ್ಲಿ ನೀರಿದೆ, ಗುದ್ದಲಿ ಇದೆ, ಬರಿಗಾಲಿನ ಮಕ್ಕಳಿದ್ದಾರೆ, ನಾಯಿಗಳಿವೆ. 230 ವೋಲ್ಟಿನ ತಂತಿಯ ಸಿಪ್ಪೆ ಸುಲಿದರೆ ಜೀವ ಹೋಗಬಹುದು. 12 ವೋಲ್ಟ್ ಮನುಷ್ಯನ ಮೈಯೊಳಗೆ ಹರಿಸಬಲ್ಲ ಕರೆಂಟು ತೀರಾ ಕಡಿಮೆ. ಈಜುಕೊಳದ ನೀರಿನೊಳಗೆ ಜನ ಇರುವಾಗ ಉರಿಯುವ ದೀಪಗಳಿಗೆ ಅಂತರರಾಷ್ಟ್ರೀಯ ನಿಯಮ 12 ವೋಲ್ಟ್ ಎ.ಸಿ.ಯ ಮಿತಿ ಹಾಕಿರುವುದು ಇದಕ್ಕೇ. ಆದರೆ ಒಂದು ಷರತ್ತಿದೆ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ವಿದ್ಯುತ್ ಸಂಪರ್ಕವೇ ಇರಬಾರದು. ಒಳಗೆ ಬರುವ 230 ಮತ್ತು ಹೊರಗೆ ಹೋಗುವ 12 ಪರಸ್ಪರ ಮುಟ್ಟದಂತಿರಬೇಕು. ಅಗ್ಗದ ಕೆಲವು ಡ್ರೈವರ್‌ಗಳಲ್ಲಿ ಈ ಪ್ರತ್ಯೇಕತೆ ಇರುವುದಿಲ್ಲ. ಅಂಥದ್ದರ ಮೇಲೆ 12 ಎಂದು ಬರೆದಿದ್ದರೂ ಅದು ಸುರಕ್ಷಿತವಲ್ಲ.

ಇನ್ನೊಂದು ಮಾತು. 12 ವೋಲ್ಟ್ ಹೊಡೆಯುವುದಿಲ್ಲ ನಿಜ, ಆದರೆ ಸುಡಬಲ್ಲದು. 300 ವ್ಯಾಟ್ ಹೊರೆಯನ್ನು 12 ವೋಲ್ಟಿನಲ್ಲಿ ಕೊಡಲು 25 ಆಂಪಿಯರ್ ಕರೆಂಟು ಬೇಕು. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್. ಅಂದರೆ ಹೂಕುಂಡದ ಮಗ್ಗುಲಿನ ಆ ಸಾಧು ತಂತಿಯಲ್ಲಿ ಗೀಸರಿನ ಎರಡೂವರೆ ಪಟ್ಟಿಗೂ ಹೆಚ್ಚು ಕರೆಂಟು ಓಡುತ್ತಿರಬಹುದು. ಸಡಿಲವಾದ ಒಂದು ಜೋಡಣೆ ಸಾಕು, ಪ್ಲಾಸ್ಟಿಕ್ ಕರಗಲು.

ಶಿವನಸಮುದ್ರದ ಲೆಕ್ಕ

ಕನ್ನಡಿಗರಿಗೆ ಈ ಲೆಕ್ಕ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರಲ್ಲ, ಆಗ ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿಯೇ ಕಳಿಸಿದ್ದು. ವೋಲ್ಟೇಜ್ ಹೆಚ್ಚಿದಷ್ಟೂ ಅದೇ ಶಕ್ತಿಗೆ ಬೇಕಾಗುವ ಕರೆಂಟು ಕಡಿಮೆ, ಕರೆಂಟು ಕಡಿಮೆಯಾದಷ್ಟೂ ತಂತಿಯಲ್ಲಿ ಸೋರಿಹೋಗುವುದು ಕಡಿಮೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿದ್ದೂ ಇದೇ ಶಿವನಸಮುದ್ರದ ವಿದ್ಯುತ್ತಿನಿಂದ, ಇದೇ ಲೆಕ್ಕದಿಂದ.

ನಮ್ಮ ತೋಟದ ದೀಪ ಈ ಲೆಕ್ಕವನ್ನು ತಿರುಗುಮುರುಗು ಮಾಡಿದೆ. ಸುರಕ್ಷತೆಗಾಗಿ ವೋಲ್ಟೇಜನ್ನು ಸುಮಾರು 19 ಪಟ್ಟು ಇಳಿಸಿದ್ದೇವೆ. ಅದೇ ವ್ಯಾಟಿಗೆ ಕರೆಂಟು 19 ಪಟ್ಟು ಏರಿತು. ಅದೇ ತಂತಿಯಲ್ಲಿ ವೋಲ್ಟೇಜ್ ಕುಸಿತದ ಶೇಕಡಾ ಪ್ರಮಾಣ 19ರ ವರ್ಗದಷ್ಟು, ಅಂದರೆ ಮುನ್ನೂರೈವತ್ತು ಪಟ್ಟಿಗೂ ಹೆಚ್ಚಾಯಿತು.

ಒಂದು ಲೆಕ್ಕ ಹಾಕಿ ನೋಡೋಣ. 5 ವ್ಯಾಟಿನ 10 ದೀಪ, ಒಟ್ಟು 50 ವ್ಯಾಟ್. 12 ವೋಲ್ಟಿನಲ್ಲಿ ಸುಮಾರು 4.2 ಆಂಪಿಯರ್. ಕೇಬಲ್ ಉದ್ದ 40 ಮೀಟರ್, ಹೋಗಿ ಬರುವ ಎರಡು ಎಳೆ ಸೇರಿ 80 ಮೀಟರ್. ಒಂದು ಚದರ ಮಿಲಿಮೀಟರ್ ತಾಮ್ರದ ರೋಧ ಮೀಟರಿಗೆ ಸುಮಾರು 0.018 ಓಮ್. 1.5 ಚದರ ಮಿಲಿಮೀಟರ್ ತಂತಿಯಾದರೆ ಒಟ್ಟು ರೋಧ 0.96 ಓಮ್. ಎಲ್ಲ ಹೊರೆಯೂ ಕೊನೆಯಲ್ಲೇ ಇದ್ದಿದ್ದರೆ 4 ವೋಲ್ಟ್ ದಾರಿಯಲ್ಲೇ ಕರಗುತ್ತಿತ್ತು. ದೀಪಗಳು ದಾರಿಯುದ್ದಕ್ಕೂ ಹರಡಿಕೊಂಡಿರುವುದರಿಂದ ಅದರ ಸುಮಾರು ಅರ್ಧ, 2 ವೋಲ್ಟ್. ಕೊನೆಯ ದೀಪಕ್ಕೆ ತಲುಪುವುದು 10 ವೋಲ್ಟ್. ಹ್ಯಾಲೊಜೆನ್ ಬಲ್ಬಾದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಲ್‌ಇಡಿಯಾದರೆ ಕೆಲವು ತಡೆದುಕೊಳ್ಳುತ್ತವೆ, ಕೆಲವು ಮಿಣುಕುತ್ತವೆ. ಅದೇ ಜಾಗದಲ್ಲಿ 4 ಚದರ ಮಿಲಿಮೀಟರ್ ಕೇಬಲ್ ಎಳೆದಿದ್ದರೆ ಕುಸಿತ ಮುಕ್ಕಾಲು ವೋಲ್ಟ್ ಮಾತ್ರ. ಇದೇ 50 ವ್ಯಾಟನ್ನು 24 ವೋಲ್ಟಿನಲ್ಲಿ ಕಳಿಸಿದ್ದರೆ ಕರೆಂಟು ಅರ್ಧ, ಶೇಕಡಾವಾರು ಕುಸಿತ ಕಾಲು.

ಮೊದಲು ನೋಡಿ, ಆಮೇಲೆ ಬಿಚ್ಚಿ

ನಮ್ಮ ಐಟಿ ಕೆಲಸದಲ್ಲಿ ಸರ್ವರ್ ಬಿದ್ದರೆ ರೀಸ್ಟಾರ್ಟ್ ಮಾಡುವ ಮೊದಲು ಲಾಗ್ ನೋಡು ಅನ್ನುತ್ತೇವೆ. ತೋಟದ ದೀಪದ ಲಾಗ್ ಇರುವುದು ಕತ್ತಲಿನ ನಕ್ಷೆಯಲ್ಲಿ. ಸಂಜೆ ದೀಪ ಹೊತ್ತಿಸಿ, ಒಂದು ಕಾಗದದಲ್ಲಿ ಸಾಲನ್ನು ಗೀಚಿ, ಆರಿದ್ದು, ಮಂಕಾದದ್ದು, ಮಿಣುಕುವುದು, ಅತಿಯಾಗಿ ಹೊಳೆಯುವುದು ಯಾವುದೆಂದು ಗುರುತು ಹಾಕಿ. ಹತ್ತು ನಿಮಿಷದ ಕೆಲಸ. ಅರ್ಧ ಪತ್ತೇದಾರಿ ಅಲ್ಲೇ ಮುಗಿಯುತ್ತದೆ.

ಇಡೀ ಸಾಲು ಕತ್ತಲಾಗಿದ್ದರೆ ಬಲ್ಬುಗಳ ತಂಟೆಗೇ ಹೋಗಬೇಡಿ. ಹತ್ತು ಬಲ್ಬು ಒಂದೇ ರಾತ್ರಿ ಸಾಯುವುದಿಲ್ಲ. ಎಂಸಿಬಿ, ಟೈಮರ್, ಬೆಳಕು ನೋಡಿ ಹೊತ್ತಿಸುವ ಸೆನ್ಸರ್, ಟ್ರಾನ್ಸ್‌ಫಾರ್ಮರ್, ಈ ಕ್ರಮದಲ್ಲಿ ನೋಡಿಸಿ. ಒಂದು ಜಾಗದಿಂದಾಚೆಗೆ ಎಲ್ಲವೂ ಆರಿದ್ದರೆ ಕೊನೆಯದಾಗಿ ಉರಿಯುವ ದೀಪಕ್ಕೂ ಮೊದಲು ಆರಿದ ದೀಪಕ್ಕೂ ನಡುವೆ ಕೇಬಲ್ ತುಂಡಾಗಿದೆ ಅಥವಾ ಜೋಡಣೆ ಬಿಟ್ಟಿದೆ. ಹೈದರಾಬಾದಿನಲ್ಲಿ ಇದಕ್ಕೊಂದು ಸ್ಥಳೀಯ ಕಾರಣವೂ ಉಂಟು. ನಗರದ ಪಶ್ಚಿಮ ಭಾಗ ಕೂತಿರುವುದೇ ಗ್ರಾನೈಟ್ ಬಂಡೆಯ ಮೇಲೆ. ಅಗೆದ ಕಡೆ ಕಲ್ಲು ಸಿಕ್ಕರೆ ಕೇಬಲ್ ಗೇಣುದ್ದ ಮಣ್ಣಿನ ಕೆಳಗೇ ಉಳಿದುಬಿಡುತ್ತದೆ. ಮಾಲಿಯ ಗುದ್ದಲಿಗೆ ಅದು ಸುಲಭದ ತುತ್ತು. ಕಳೆದ ತಿಂಗಳು ಎಲ್ಲೆಲ್ಲಿ ಗಿಡ ನೆಟ್ಟಿರಿ ಎಂದು ಮಾಲಿಯನ್ನು ಕೇಳಿ. ಮೀಟರಿಗಿಂತ ಬೇಗ ಉತ್ತರ ಸಿಗಬಹುದು.

ದೂರ ಹೋದಂತೆ ಬೆಳಕು ಮಂಕಾಗುತ್ತ ಹೋದರೆ ಅದು ಶಿವನಸಮುದ್ರದ ಲೆಕ್ಕ. ಟ್ರಾನ್ಸ್‌ಫಾರ್ಮರಿಗೆ ಹತ್ತಿರದ ಒಂದೆರಡು ದೀಪಗಳೇ ಪದೇಪದೇ ಸುಡುತ್ತಿದ್ದರೆ ವೋಲ್ಟೇಜ್ ಹೆಚ್ಚಾಗಿದೆ. ಮಳೆ ಬಂದ ಮರುದಿನ ತಗ್ಗಿನ ದೀಪಗಳು ಹೋದರೆ ನೀರು ಹೊಕ್ಕಿದೆ. ಅಲ್ಲೊಂದು ಇಲ್ಲೊಂದು ಆರಿದ್ದರೆ ಮಾತ್ರ ಬಲ್ಬನ್ನೋ ಅದರ ಹೋಲ್ಡರನ್ನೋ ಶಂಕಿಸಿ.

ದೀಪಾವಳಿಯ ಸೀರಿಯಲ್ ಸೆಟ್ ನೆನಪಿದೆಯಲ್ಲ, ಒಂದು ಹೋದರೆ ಎಲ್ಲ ಹೋಗುವುದು? ತೋಟದ 12 ವೋಲ್ಟಿನ ದೀಪಗಳು ಸಾಮಾನ್ಯವಾಗಿ ಹಾಗಲ್ಲ, ಒಂದೊಂದೂ ಸ್ವತಂತ್ರ. ಆದರೆ 350 ಅಥವಾ 700 ಮಿಲಿಆಂಪಿಯರ್ ಎಂದು ಬರೆದ ಡ್ರೈವರ್ ಇದ್ದರೆ ಅದು ಸೀರಿಯಲ್ ಸೆಟ್ಟಿನದೇ ಜಾತಿ. ಅಲ್ಲಿ ಒಂದು ದೀಪದ ತಂತಿ ಬಿಟ್ಟರೂ ಇಡೀ ಸಾಲು ಆರುತ್ತದೆ. ಡ್ರೈವರಿನ ಮೇಲಿನ ಚೀಟಿ ಓದದೆ ಕೆಲಸ ಶುರು ಮಾಡಬೇಡಿ.

ಅದಲುಬದಲು, ಆಮೇಲೆ ಮೀಟರ್

ಅತ್ಯಂತ ಅಗ್ಗದ ಪರೀಕ್ಷೆ ಅದಲುಬದಲು. ಸ್ವಿಚ್ ಆರಿಸಿ, ಬಲ್ಬು ತಣ್ಣಗಾದ ಮೇಲೆ, ಉರಿಯುತ್ತಿರುವ ಒಂದನ್ನು ತೆಗೆದು ಆರಿದ ಜಾಗಕ್ಕೂ, ಆರಿದ್ದನ್ನು ಉರಿಯುತ್ತಿದ್ದ ಜಾಗಕ್ಕೂ ಹಾಕಿ. ಕತ್ತಲು ಬಲ್ಬಿನ ಜೊತೆಗೆ ಹೋದರೆ ಬಲ್ಬು ಸತ್ತಿದೆ. ಜಾಗದಲ್ಲೇ ಉಳಿದರೆ ಹೋಲ್ಡರ್, ಜೋಡಣೆ ಅಥವಾ ತಂತಿಯ ದೋಷ. ಇದೊಂದನ್ನು ಮಾಡದೆಯೇ ಎಷ್ಟೋ ಒಳ್ಳೆಯ ಬಲ್ಬುಗಳು ಕಸದ ಬುಟ್ಟಿ ಸೇರುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣ ಎಂದು ತಿಳಿಯುವುದೇ ಇಲ್ಲ.

ಹ್ಯಾಲೊಜೆನ್ ಪುಟ್ಟ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಗಾಜಿಗೆ ಅಂಟಿದರೆ ಆ ಜಾಗ ಹೆಚ್ಚು ಕಾದು ಬಲ್ಬು ಬೇಗ ಸಾಯುತ್ತದೆ. ಬಟ್ಟೆಯಲ್ಲೋ ಟಿಶ್ಯೂವಿನಲ್ಲೋ ಹಿಡಿಯಿರಿ.

ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್ ಹೇಗೋ ಹೈದರಾಬಾದಿನವರಿಗೆ ಕೋಠಿಯ ಗುಜರಾತಿ ಗಲ್ಲಿ ಹಾಗೆ. ಪಕ್ಕದ ಟ್ರೂಪ್ ಬಜಾರಿನಲ್ಲಿ ಕೇಬಲ್, ಹೋಲ್ಡರ್, ಫಿಟಿಂಗುಗಳು. ಹರಕುಮುರುಕು ತೆಲುಗು, ಅರ್ಧ ಹಿಂದಿ ಸಾಕು. ಹಳೆಯ ಬಲ್ಬನ್ನೇ ಜೇಬಿನಲ್ಲಿಟ್ಟುಕೊಂಡು ಹೋದರೆ ಭಾಷೆಯೂ ಬೇಡ.

ಅಳೆಯುವಾಗ ಎರಡು ಎಚ್ಚರಿಕೆ. ಟ್ರಾನ್ಸ್‌ಫಾರ್ಮರ್ ಕೊಡುವುದು ಎ.ಸಿ. ಆಗಿದ್ದು ಮೀಟರ್ ಡಿ.ಸಿ.ಗೆ ತಿರುಗಿಸಿದ್ದರೆ ಸೊನ್ನೆ ತೋರಿಸುತ್ತದೆ. ವಿದ್ಯುತ್ತೇ ಇಲ್ಲ ಎಂದು ನಂಬಿ ಇಡೀ ಟ್ರಾನ್ಸ್‌ಫಾರ್ಮರನ್ನೇ ಬದಲಿಸಿಬಿಡಬಹುದು. ಎರಡನೆಯದು, ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿನ ಹೊರಹರಿವು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ದಿಕ್ಕು ಬದಲಿಸುತ್ತದೆ. ಅಗ್ಗದ ಮೀಟರ್ ಅದನ್ನು ಸರಿಯಾಗಿ ಓದಲಾರದು. ಅಲ್ಲಿ ಅದಲುಬದಲು ಪರೀಕ್ಷೆಯೇ ನಂಬಿಕಸ್ತ.

ವೋಲ್ಟೇಜನ್ನು ಮೂರು ಕಡೆ ಅಳೆಯಿರಿ: ಟ್ರಾನ್ಸ್‌ಫಾರ್ಮರಿನ ಬಾಯಲ್ಲಿ, ಮೊದಲ ದೀಪದಲ್ಲಿ, ಕೊನೆಯ ದೀಪದಲ್ಲಿ. ಎಲ್ಲ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಹೊರೆಯಿಲ್ಲದೆ ಅಳೆದರೆ ಕೆಟ್ಟ ಜೋಡಣೆಯೂ 12 ವೋಲ್ಟ್ ತೋರಿಸಿ ನಿಮ್ಮನ್ನು ಯಾಮಾರಿಸುತ್ತದೆ. 12 ವೋಲ್ಟಿನ ಕಡೆಯ ಈ ಅಳತೆಯನ್ನು ಒಣಗಿದ ದಿನ ಯಾರಾದರೂ ಮಾಡಬಹುದು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಅಲ್ಲಿರುವುದು 230. ಆ ಪೆಟ್ಟಿಗೆಯ ಅಳತೆಯೂ ಕೆಲಸವೂ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನರದು.

ಒಂದರ ಹಿಂದೆ ಇನ್ನೊಂದು

ಹ್ಯಾಲೊಜೆನ್ ದೀಪಗಳು ಇನ್ನೂ ಇರುವ ಕಡೆ ಒಂದು ವಿಚಿತ್ರ ಕಾಣುತ್ತದೆ. ಒಂದು ಬಲ್ಬು ಹೋದ ಮೇಲೆ ಕೆಲವೇ ವಾರಗಳಲ್ಲಿ ಉಳಿದವೂ ಸಾಲಾಗಿ ಹೋಗುತ್ತವೆ. ಇದಕ್ಕೆ ಕಾರಣ ಸರಳ. ಕಬ್ಬಿಣದ ತಿರುಳಿನ ಸಾದಾ ಟ್ರಾನ್ಸ್‌ಫಾರ್ಮರ್ ಪೂರ್ತಿ ಹೊರೆ ಹೊತ್ತಾಗ 12 ವೋಲ್ಟ್ ಕೊಡುವಂತೆ ಮಾಡಿರುತ್ತಾರೆ. ಹೊರೆ ಇಳಿದರೆ ವೋಲ್ಟೇಜ್ ಏರುತ್ತದೆ. ಒಂದು ಬಲ್ಬು ಹೋದರೆ ಉಳಿದವಕ್ಕೆ ತುಸು ಹೆಚ್ಚು, ಇನ್ನೊಂದು ಹೋದರೆ ಇನ್ನೂ ತುಸು. ಅದರ ಮೇಲೆ ನಡುರಾತ್ರಿಯಲ್ಲಿ ಬಡಾವಣೆಯ ಬಳಕೆ ತಗ್ಗಿ ಮುಖ್ಯ ಸರಬರಾಜೇ 245 ವೋಲ್ಟಿಗೆ ಏರಿದರೆ, ಅದೇ ಅನುಪಾತದಲ್ಲಿ 12 ಇದ್ದದ್ದು 12.8 ಆಗುತ್ತದೆ.

ಎಂಬತ್ತು ಪೈಸೆ ಹೆಚ್ಚು ಕೊಟ್ಟರೇನು ಅನ್ನಬೇಡಿ. ತಂತುವಿನ ಬಲ್ಬಿನ ಆಯುಷ್ಯ ವೋಲ್ಟೇಜಿನ ಸುಮಾರು ಹದಿಮೂರನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಅಂದಾಜು. ಶೇಕಡಾ 5 ಹೆಚ್ಚಾದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ. ಶೇಕಡಾ 10 ಹೆಚ್ಚಾದರೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೋಸ ಎಲ್ಲಿದೆಯೆಂದರೆ, ಆ ಹೊತ್ತಿನಲ್ಲಿ ದೀಪ ಎಂದಿಗಿಂತ ಬೆಳ್ಳಗೆ, ಚೆಂದವಾಗಿ ಉರಿಯುತ್ತದೆ. ಆರುವ ಮುಂಚೆ ದೀಪ ಜೋರಾಗಿ ಉರಿಯುತ್ತದೆ ಎಂದು ಹಿರಿಯರು ಎಣ್ಣೆದೀಪದ ಬಗ್ಗೆ ಹೇಳುತ್ತಿದ್ದದ್ದು ಇಲ್ಲಿ ಅಕ್ಷರಶಃ ನಿಜ.

ಇಲ್ಲಿ ನಡೆಯುವ ದೊಡ್ಡ ತಪ್ಪು ಒಂದಿದೆ. ಕೆಲವು ಟ್ರಾನ್ಸ್‌ಫಾರ್ಮರುಗಳಲ್ಲಿ 12, 13, 14 ವೋಲ್ಟಿನ ಬೇರೆಬೇರೆ ಟರ್ಮಿನಲ್ ಇರುತ್ತವೆ. ಕೊನೆಯ ದೀಪ ಮಂಕಾಗಿದೆ ಎಂದು ಯಾರೋ ತಂತಿಯನ್ನು 14ಕ್ಕೆ ಜೋಡಿಸುತ್ತಾರೆ. ಕೊನೆಯದು ಬೆಳಗುತ್ತದೆ, ಮೊದಲನೆಯವು ಸುಡುತ್ತವೆ. ಕೊನೆಯ ದೀಪದ ಮಂಕಿಗೆ ಮದ್ದು ಹೆಚ್ಚು ವೋಲ್ಟ್ ಅಲ್ಲ, ಕಡಿಮೆ ದೂರ ಅಥವಾ ದಪ್ಪ ತಂತಿ. ಸಾಲಿನ ತುದಿಯಿಂದ ವಿದ್ಯುತ್ ಕೊಡುವ ಬದಲು ನಡುವಿನಿಂದ ಕೊಟ್ಟರೆ ಅದೇ ಕೇಬಲಿನಲ್ಲಿ ಕುಸಿತ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಪ್ರತಿ ಕವಲಿನಲ್ಲಿ ದೂರವೂ ಅರ್ಧ, ಕರೆಂಟೂ ಅರ್ಧ. ಹೊಸ ಬಲ್ಬು ಒಂದೂ ಬೇಡ.

ನೀರು ಮತ್ತು ಕಿಲುಬು

ಹೈದರಾಬಾದಿನ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ದಿನವಿಡೀ ಕಾದ ಫಿಟಿಂಗ್, ಅದರೊಳಗೆ ಉರಿಯುವ ದೀಪ, ಇದ್ದಕ್ಕಿದ್ದಂತೆ ಸಂಜೆಯ ಮಳೆ. ಒಳಗಿನ ಬಿಸಿ ಗಾಳಿ ಗಕ್ಕನೆ ತಣಿದು ಕುಗ್ಗುತ್ತದೆ. ಆ ಖಾಲಿ ಜಾಗ ತುಂಬಲು ಅದು ಹೊರಗಿನದನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಗ್ಯಾಸ್ಕೆಟ್ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಒಳಗೆ ಬರುವುದು ಗಾಳಿಯಲ್ಲ, ನೀರು. ಗಾಜಿನ ಒಳಬದಿಯಲ್ಲಿ ಬೆವರಿನಂಥ ಹನಿ ಕಂಡರೆ ಬಲ್ಬು ಬದಲಿಸುವ ಮೊದಲು ಗ್ಯಾಸ್ಕೆಟ್ ಬದಲಿಸಿ.

ಫಿಟಿಂಗಿನ ಮೇಲಿನ ಐಪಿ ಸಂಖ್ಯೆಯನ್ನು ಓದಲು ಕಲಿಯಿರಿ. ಐಪಿ 65 ಎಂದರೆ ಧೂಳು ಹೋಗದು, ಪೈಪಿನಿಂದ ಎರಚಿದ ನೀರು ತಡೆಯುತ್ತದೆ. ಐಪಿ 67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ನಿಲುವಿನ ಕಂಬದ ದೀಪಕ್ಕೆ 65 ಸಾಕು. ಹುಲ್ಲಿನಲ್ಲಿ ಹುದುಗಿದ ದೀಪಕ್ಕೆ 67 ಬೇಕು, ಅದರ ಗುಂಡಿಯ ತಳದಲ್ಲಿ ಒಂದು ಬುಟ್ಟಿ ಜಲ್ಲಿಯೂ ಬೇಕು. ನೀರು ಇಂಗಿಹೋಗಲು ದಾರಿಯಿಲ್ಲದಿದ್ದರೆ ಯಾವ ಸಂಖ್ಯೆಯೂ ಕಾಪಾಡದು.

ಇನ್ನು ಜೋಡಣೆ. ಎರಡು ತಂತಿ ಹೊಸೆದು ಕಪ್ಪು ಟೇಪ್ ಸುತ್ತಿ ಮಣ್ಣಿನಡಿ ಹೂಳುವುದು ನಮ್ಮಲ್ಲಿ ರೂಢಿ. ಒಂದೇ ಮಳೆಗಾಲದಲ್ಲಿ ತಾಮ್ರ ಹಸಿರುಗಟ್ಟುತ್ತದೆ. ಪೂಜೆಯ ತಂಬಿಗೆಗೆ ಹಿಡಿಯುವ ಅದೇ ಕಿಲುಬು. ತಂಬಿಗೆಯಾದರೆ ಹುಣಸೆಹಣ್ಣು ಹಾಕಿ ಉಜ್ಜಬಹುದು, ಮಣ್ಣಿನಡಿಯ ತಂತಿಗೆ ಆ ಭಾಗ್ಯವಿಲ್ಲ. ಕಿಲುಬು ಕಟ್ಟಿದ ಜೋಡಣೆಯಲ್ಲಿ ಬರೀ 0.1 ಓಮ್ ರೋಧ ಹುಟ್ಟಿ, 10 ಆಂಪಿಯರ್ ಹರಿಯುತ್ತಿದ್ದರೆ, ಬೆರಳ ತುದಿಯಷ್ಟು ಜಾಗದಲ್ಲಿ 10 ವ್ಯಾಟ್ ಶಾಖ. ಮುಂದಿನ ದೀಪಗಳಿಗೆ ಒಂದು ವೋಲ್ಟ್ ಕಡಿಮೆ. ರಿಪೇರಿ ಮಾಡುವಾಗ ಹಸಿರಾದ ತುದಿಯನ್ನು ಕೆರೆದು ಜೋಡಿಸಿದರೆ ಸಾಲದು. ನೀರು ಎಳೆಗಳ ನಡುವೆ ಸಿಪ್ಪೆಯೊಳಗೂ ಹತ್ತಿರುತ್ತದೆ. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಜೆಲ್ ತುಂಬಿದ ಕನೆಕ್ಟರ್ ಹಾಕಿಸಿ. ಸಾಧ್ಯವಾದರೆ ಜೋಡಣೆ ಮಣ್ಣಿನ ಮೇಲೆ, ಕಂಬದ ಒಳಗೇ ಇರಲಿ.

ಎಲ್‌ಇಡಿ ಹಾಕಿದರೆ ಮುಗಿಯಿತೇ?

ಎಲ್‌ಇಡಿ ಹಾಕಿದರೆ ಹೊರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಅದೇ ತೆಳು ಕೇಬಲ್ ಸಾಕಾಗುತ್ತದೆ. ಇದು ನಿಜವಾದ ಲಾಭ. ಆದರೆ ಹಳೆಯ ಪೆಟ್ಟಿಗೆಗೆ ಹೊಸ ಬಲ್ಬು ಹಾಕಿದಾಗ ಹೊಸ ತೊಂದರೆಗಳೂ ಬರುತ್ತವೆ. ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರುಗಳಿಗೆ ಕನಿಷ್ಠ ಹೊರೆ ಬೇಕು. 20ರಿಂದ 60 ವ್ಯಾಟ್ ಎಂದು ಬರೆದ ಪೆಟ್ಟಿಗೆಗೆ 5 ವ್ಯಾಟಿನ ಒಂದು ಎಲ್‌ಇಡಿ ಜೋಡಿಸಿದರೆ ಅದು ಮಿಣಮಿಣ ಅನ್ನುತ್ತದೆ, ಇಲ್ಲವೇ ಹೊತ್ತುವುದೇ ಇಲ್ಲ. ಬಲ್ಬು ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸಿದರೆ ಅಂಗಡಿಯಲ್ಲಿ ಅದು ಚೆನ್ನಾಗಿಯೇ ಉರಿಯುತ್ತದೆ. ಇನ್ನು ಕಬ್ಬಿಣದ ತಿರುಳಿನ 300 ವ್ಯಾಟಿನ ಟ್ರಾನ್ಸ್‌ಫಾರ್ಮರಿಗೆ 50 ವ್ಯಾಟ್ ಹೊರೆ ಕೊಟ್ಟರೆ ವೋಲ್ಟೇಜ್ 13ರ ಆಸುಪಾಸಿಗೆ ಏರಬಹುದು. ಡಬ್ಬದ ಮೇಲೆ ಬಲ್ಬು ತಡೆಯುವ ವೋಲ್ಟೇಜಿನ ವ್ಯಾಪ್ತಿ ಬರೆದಿರುವುದನ್ನೇ ಕೊಳ್ಳಿ. ಡಿ.ಸಿ. ಡ್ರೈವರ್ ಆದರೆ ಪ್ಲಸ್ ಮೈನಸ್ ತಿರುಗಿದರೂ ಕೆಲವು ಎಲ್‌ಇಡಿ ಉರಿಯುವುದಿಲ್ಲ.

ಎಲ್‌ಇಡಿ ಸಾಯುವುದು ಹೆಚ್ಚಾಗಿ ಶಾಖದಿಂದ. ಬೆಳಕು ಕೊಡುವ ಚಿಪ್ಪಿಗಿಂತ ಮೊದಲು ಅದರ ಹಿಂದಿನ ಸರ್ಕ್ಯೂಟಿನ ಕೆಪ್ಯಾಸಿಟರ್ ಒಣಗುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಆ ಕೆಪ್ಯಾಸಿಟರಿನ ಬಾಳಿಕೆ ಅರ್ಧವಾಗುತ್ತದೆಂಬ ಸ್ಥೂಲ ನಿಯಮ ಇದೆ. ಗಾಳಿಯಾಡದ ಫಿಟಿಂಗಿನೊಳಗೆ 3 ವ್ಯಾಟಿನದು ಸಾಕಾದ ಕಡೆ 7 ವ್ಯಾಟಿನದು ತುರುಕಿದರೆ ಬೆಳಕು ಹೆಚ್ಚು, ಬಾಳು ಕಡಿಮೆ.

ಹಗಲೂ ಉರಿಯುವ ದೀಪ

ದಿನಕ್ಕೆ 12 ಗಂಟೆ ಉರಿದರೆ ವರ್ಷಕ್ಕೆ 4,380 ಗಂಟೆ. 2,000 ಗಂಟೆಯ ಹ್ಯಾಲೊಜೆನ್ ಆರು ತಿಂಗಳೂ ತುಂಬದೆ ಸತ್ತರೆ ಅದು ದೋಷವಲ್ಲ, ಲೆಕ್ಕ. ಹತ್ತು ಗಂಟೆ ಕರೆಂಟು ಹೋಗಿ ಬಂದ ಮೇಲೆ ಬ್ಯಾಟರಿಯಿಲ್ಲದ ಮುಳ್ಳಿನ ಟೈಮರ್ ಅಷ್ಟೇ ಹಿಂದೆ ಬೀಳುತ್ತದೆ. ಆಮೇಲೆ ದೀಪ ಬೆಳಗಿನ ಬಿಸಿಲಿನಲ್ಲಿ ಉರಿದು, ಸಂಜೆ ಬೇಕಾದಾಗ ಆರಿರುತ್ತದೆ. ಹೈದರಾಬಾದಿನಲ್ಲಿ ಸೂರ್ಯ ಮುಳುಗುವುದು ನವೆಂಬರ್ ಕೊನೆಗೆ ಸುಮಾರು 5.40ಕ್ಕೆ, ಜುಲೈ ಮೊದಲಿಗೆ ಸುಮಾರು 6.55ಕ್ಕೆ. ಬೇಸಿಗೆಗೆ ಹೊಂದಿಸಿದ ಟೈಮರನ್ನು ಚಳಿಗಾಲದಲ್ಲಿ ಹಾಗೇ ಬಿಟ್ಟರೆ ಒಂದು ಗಂಟೆಗೂ ಹೆಚ್ಚು ಕತ್ತಲು. ಸೆನ್ಸರ್ ಇದ್ದರೆ ಅದರ ಮುಖಕ್ಕೆ ಅದೇ ಸಾಲಿನ ದೀಪದ ಬೆಳಕು ಬೀಳದಂತೆ ತಿರುಗಿಸಿ. ಇಲ್ಲವಾದರೆ ದೀಪ ಹೊತ್ತಿದೊಡನೆ ಬೆಳಗಾಯಿತೆಂದು ಆರಿಸುತ್ತದೆ, ಆರಿದೊಡನೆ ರಾತ್ರಿಯಾಯಿತೆಂದು ಹೊತ್ತಿಸುತ್ತದೆ. ಆ ಆಟದಲ್ಲಿ ಬಲ್ಬೂ ಸವೆಯುತ್ತದೆ, ಡ್ರೈವರೂ ಸವೆಯುತ್ತದೆ.

ಹಾಗಾದರೆ 230 ಬೇಡವೇ?

ಎತ್ತರದ ಕಂಬದ ದೀಪಕ್ಕೆ, ಗೇಟಿನ ಫ್ಲಡ್‌ಲೈಟಿಗೆ 230 ಸರಿಯೇ. ಅಲ್ಲೂ ಅರ್ತಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಆದರೆ ಮಕ್ಕಳ ಕೈಗೆಟುಕುವ ಎತ್ತರದಲ್ಲಿ, ಸ್ಪ್ರಿಂಕ್ಲರ್ ತಿರುಗುವ ಹುಲ್ಲಿನಲ್ಲಿ, ಟೇಪ್ ಸುತ್ತಿದ ಹಳೆಯ ಜೋಡಣೆಗಳಿರುವ ಅದೇ ಕೇಬಲಿಗೆ 230 ವೋಲ್ಟ್ ಕೊಡುವುದು ಬೇಡ. 12 ವೋಲ್ಟಿನಲ್ಲಿ ಆ ಕೆಟ್ಟ ಜೋಡಣೆ ಒಂದು ಬಲ್ಬನ್ನು ಆರಿಸುತ್ತಿತ್ತು. 230ರಲ್ಲಿ ಅದು ಆರಿಸುವುದು ಬಲ್ಬನ್ನೇ ಆಗಿರಬೇಕೆಂದಿಲ್ಲ. ಮೀಟಿಂಗಿನಲ್ಲಿ ಈ ಸಲಹೆ ಬಂದ ದಿನ ಯಾರಾದರೂ ಒಬ್ಬರು ಎದ್ದು ನಿಂತು ಇದನ್ನು ಹೇಳಲೇಬೇಕು.

ಒಂದು ನೋಟ್‌ಬುಕ್

ಕೊನೆಗೆ ಬೇಕಾಗುವ ಉಪಕರಣ ತುಂಬಾ ಅಗ್ಗದ್ದು. ಸೆಕ್ಯುರಿಟಿ ಕೋಣೆಯಲ್ಲಿ ಒಂದು ನೋಟ್‌ಬುಕ್. ಪ್ರತಿ ದೀಪಕ್ಕೂ ಬಣ್ಣದಲ್ಲಿ ಒಂದು ನಂಬರ್ ಬರೆಸಿ. ಬಲ್ಬು ಬದಲಿಸಿದಾಗಲೆಲ್ಲ ನಂಬರ್, ತಾರೀಖು, ಹಿಂದಿನ ದಿನ ಮಳೆ ಇತ್ತೇ ಇಲ್ಲವೇ, ದೀಪದಲ್ಲಿ ಎಷ್ಟು ವೋಲ್ಟ್ ಸಿಕ್ಕಿತು, ಇಷ್ಟು ಬರೆಯಲಿ. ಆರು ತಿಂಗಳಿಗೆ ಆ ಪುಟಗಳೇ ಮಾತಾಡುತ್ತವೆ. 7ನೇ ನಂಬರ್ ಮೂರು ಸಲ ಬಂದಿದ್ದರೆ ದೋಷ ಬಲ್ಬು ಕಂಪನಿಯದಲ್ಲ, 7ನೇ ಗುಂಡಿಯದು. ಎಲೆಕ್ಟ್ರೀಷಿಯನ್ ಬದಲಾದರೂ, ಕಮಿಟಿ ಬದಲಾದರೂ ಆ ನೋಟ್‌ಬುಕ್ ಉಳಿಯುತ್ತದೆ.

ಮೃಗಶಿರಾ ಮಳೆಯ ಲೆಕ್ಕ ನಮ್ಮ ಊರಿನ ರೈತರಿಗೂ ಉಂಟು, ಇಲ್ಲಿಯ ತೆಲುಗರ 'ಮೃಗಶಿರ ಕಾರ್ತಿ'ಗೂ ಅದೇ ಜೂನ್ ಮೊದಲ ವಾರ. ಅಲ್ಲಿ ಬಿತ್ತನೆಗೆ ಮುಂಚೆ ಕೂರಿಗೆ ಸರಿಮಾಡಿಕೊಳ್ಳುತ್ತಾರೆ. ಇಲ್ಲಿ ಅದಕ್ಕೂ ಮುಂಚಿನ ಒಂದು ಭಾನುವಾರ ಸಂಜೆ ಇಬ್ಬರು ಸೇರಿ ದೀಪಗಳ ಸಾಲಿನುದ್ದಕ್ಕೂ ನಡೆದು ಬಂದರೆ ಸಾಕು, ಒಬ್ಬರ ಕೈಯಲ್ಲಿ ಟಾರ್ಚ್, ಇನ್ನೊಬ್ಬರ ಕೈಯಲ್ಲಿ ಆ ನೋಟ್‌ಬುಕ್. ಮೊದಲು ನೋಡಬೇಕಾದದ್ದು ಮರದ ಕೆಳಗಿನ ಅಲಂಕಾರದ ದೀಪವನ್ನಲ್ಲ, ಮೆಟ್ಟಿಲಿನ ಅಂಚಿನದನ್ನು.